ಹಾಡು ಇಂಗ್ಲಿಷಿನದು, ಮಾತು ನವಾಹೊ ಭಾಷೆಯದು

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ವಿಂಡೋ ರಾಕ್ ಎಂಬ ಊರಿದೆ. ನವಾಹೊ ಎಂಬ ಮೂಲನಿವಾಸಿ ಜನರ ರಾಜಧಾನಿ ಇದು. 1986ರಲ್ಲಿ ಇಲ್ಲಿ ಕೆಟಿಎನ್‌ಎನ್ ಎಂಬ ರೇಡಿಯೊ ಕೇಂದ್ರ ಶುರುವಾಯಿತು. ಅದರ ಒಡೆತನ ನವಾಹೊ ಜನರದ್ದೇ. ಹಾಕುವ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಕಂಟ್ರಿ ಹಾಡುಗಳು, ಅಂದರೆ ಗಿಟಾರ್, ಪಿಟೀಲು ಹಿಡಿದು ಹಾಡುವ ಅಲ್ಲಿನ ಹಳ್ಳಿಗಾಡಿನ ಹಾಡುಗಳು. ಹಾಡಿನ ನಡುವೆ ಕೇಳಿಸುವ ಮಾತು, ಸುದ್ದಿ, ಜಾಹೀರಾತುಗಳಲ್ಲಿ ಬಹಳಷ್ಟು ನವಾಹೊ ಭಾಷೆಯಲ್ಲಿ.

ಕೌಬಾಯ್‌ಗಳ ಹಾಡು ಮೂಲನಿವಾಸಿಗಳಿಗೆ ಹೇಗೆ ಹಿಡಿಸಿತು ಎಂದು ಯಾರಿಗಾದರೂ ಅನ್ನಿಸೀತು. ಉತ್ತರ ಅವರ ಬದುಕಿನಲ್ಲೇ ಇದೆ. 1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ನವಾಹೊ ಜನರನ್ನು ಮನೆ ಬಿಡಿಸಿ, ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಗಿ ಕೂಡಿಹಾಕಿತು. ನೂರಾರು ಜನ ಸತ್ತರು. 1868ರ ಒಪ್ಪಂದದ ನಂತರ ಅವರು ತಮ್ಮ ನೆಲಕ್ಕೆ ಮರಳಿದರು; ಕುರಿ, ಕುದುರೆ, ದನ ಸಾಕಿ ಬದುಕು ಕಟ್ಟಿಕೊಂಡರು. ಕುದುರೆ, ಧೂಳು, ದೂರದ ಮನೆಯ ನೆನಪು: ಕಂಟ್ರಿ ಹಾಡಿನಲ್ಲಿ ಬರುವುದೆಲ್ಲ ಅವರಿಗೂ ಗೊತ್ತಿದ್ದದ್ದೇ. 1960ರ ದಶಕದ ಹೊತ್ತಿಗೆ ನವಾಹೊ ಯುವಕರೇ ಕಂಟ್ರಿ ಬ್ಯಾಂಡ್ ಕಟ್ಟಿ ಹಾಡುತ್ತಿದ್ದರು.

ಭಾಷೆಯ ಕಥೆ ಬೇರೆ. ಸರ್ಕಾರದ ವಸತಿ ಶಾಲೆಗಳಲ್ಲಿ ನವಾಹೊ ಮಾತಾಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಅದೇ ಸರ್ಕಾರಕ್ಕೆ 1942ರಲ್ಲಿ, ಯುದ್ಧಕಾಲದಲ್ಲಿ, ಜಪಾನಿಗೆ ತಿಳಿಯದ ಸಂಕೇತ ಬೇಕಾಯಿತು. ಆಗ ಸೇನೆ ಸೇರಿದ 29 ನವಾಹೊ ಯುವಕರು ತಮ್ಮ ಭಾಷೆಯಿಂದಲೇ ಅದನ್ನು ಕಟ್ಟಿಕೊಟ್ಟರು.

ಇಂಥ ಭಾಷೆಗೆ ರೇಡಿಯೊ ಯಾಕೆ ಬೇಕಾಯಿತು ಎಂಬುದು ಅಲ್ಲಿನ ನೆಲ ನೋಡಿದರೆ ತಿಳಿಯುತ್ತದೆ. ನವಾಹೊ ನಾಡು ಸುಮಾರು 70,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಮನೆಗಳು ಒಂದಕ್ಕೊಂದು ದೂರ ದೂರ. ಎಷ್ಟೋ ಮನೆಗಳಿಗೆ ಕರೆಂಟಿಲ್ಲ. ಎಫ್‌ಎಂ ಅಲೆಗೆ ಗುಡ್ಡ ಅಡ್ಡ ಬರುತ್ತದೆ. ಮೀಡಿಯಂ ವೇವ್ ಅಲೆ ನೆಲ ಹಿಡಿದು ಬಹುದೂರ ಹೋಗುತ್ತದೆ. ಕೆಟಿಎನ್‌ಎನ್ 660 ಕಿಲೋಹರ್ಟ್ಸ್‌ನಲ್ಲಿ 50,000 ವ್ಯಾಟ್ ಶಕ್ತಿಯಿಂದ ಪ್ರಸಾರ ಮಾಡುತ್ತದೆ. ಅಲ್ಲಿ ಮೀಡಿಯಂ ವೇವ್‌ಗೆ ಕಾನೂನು ಬಿಡುವ ಗರಿಷ್ಠ ಶಕ್ತಿಯೇ ಅದು. ಕೇಳಲು ಒಂದು ಬ್ಯಾಟರಿ ಸೆಟ್ಟೋ ಪಿಕಪ್ ಗಾಡಿಯ ರೇಡಿಯೊವೋ ಇದ್ದರೆ ಸಾಕು.

1996ರಲ್ಲಿ ಅಮೆರಿಕದ ಅತಿ ದೊಡ್ಡ ಫುಟ್‌ಬಾಲ್ ಪಂದ್ಯವಾದ ಸೂಪರ್ ಬೌಲ್‌ನ ವೀಕ್ಷಕ ವಿವರಣೆಯನ್ನೂ ಈ ಕೇಂದ್ರ ನವಾಹೊ ಭಾಷೆಯಲ್ಲೇ ಕೊಟ್ಟಿತು. ಹೊಸ ವಸ್ತು ಬಂದಾಗ ಇಂಗ್ಲಿಷ್ ಪದ ಎರವಲು ಪಡೆಯುವುದಕ್ಕಿಂತ ಸ್ವಂತ ಪದ ಕಟ್ಟುವುದೇ ಈ ಭಾಷೆಯ ರೂಢಿ. ಟೆಲಿಫೋನಿಗೆ ಅವರ ಹೆಸರಿನ ಅರ್ಥ, ಸುದ್ದಿ ಹೇಳುವ ಲೋಹ.

ಇಂದು ನವಾಹೊ ಆಡುವವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಆದರೆ ಅವರಲ್ಲಿ ವಯಸ್ಸಾದವರೇ ಜಾಸ್ತಿ, ಮಕ್ಕಳ ಬಾಯಲ್ಲಿ ಇಂಗ್ಲಿಷ್. ರೇಡಿಯೊ ಒಂದೇ ಭಾಷೆ ಉಳಿಸುತ್ತದೆ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಆಡದ ಮಾತನ್ನು ಯಾವ ಕೇಂದ್ರವೂ ಕಲಿಸಲಾರದು. ಆದರೆ ಹಾಡಿಗಾಗಿ ರೇಡಿಯೊ ಹಾಕಿದ ಹುಡುಗನ ಕಿವಿಗೂ ಅಜ್ಜಿಯ ಮಾತು ಬೀಳುತ್ತದೆ. ಶಾಲೆಯಲ್ಲಿ ಏಟು ತಿಂದ ಭಾಷೆ ಈಗ ಹವಾಮಾನ, ಸಾವಿನ ಸುದ್ದಿ, ಸಂತೆ ಬೆಲೆ ಹೇಳುವ ಭಾಷೆಯಾಗಿದೆ ಎಂಬುದು ಸಣ್ಣ ಮಾತಲ್ಲ.