ಅಲ್ ಕಲೀಯಿಂದ ಸೋಡಿಯಮ್‌ವರೆಗೆ: ಲವಣಗಳ ಹೆಸರಿನ ಚರಿತ್ರೆ

ಜಮಖಂಡಿ, ಮುಧೋಳ ಸೀಮೆಯಲ್ಲಿ ವರ್ಷಗಟ್ಟಲೆ ಕಬ್ಬಿಗೆ ನೀರುಂಡ ಕಪ್ಪು ಹೊಲಗಳ ಮೇಲೆ ಬಿಳಿಯ ಪೊರೆಯೊಂದು ಮೂಡುವುದುಂಟು. ತುಬಚಿಯ ರೈತನಿಗೆ ಅದು ಸವಳು. ಆದರೆ ಈ ಒಂದು ಹೆಸರಿನೊಳಗೆ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಸೋಡಿಯಮ್ ಕ್ಲೋರೈಡ್, ಸೋಡಿಯಮ್ ಸಲ್ಫೇಟ್‌ನಂತಹ ಲವಣಗಳು ಸೇರಿದ ಭೂಮಿ ಒಂದು. ಸೋಡಿಯಮ್ ಕಾರ್ಬೊನೇಟ್‌ನಿಂದ ಕ್ಷಾರವಾದ ಭೂಮಿ ಇನ್ನೊಂದು. ಎರಡಕ್ಕೂ ಮದ್ದು ಒಂದೇ ಅಲ್ಲ.

ಇಂತಹದೇ ಗೊಂದಲ ಶತಮಾನಗಳ ಕಾಲ ವಿದ್ವಾಂಸರನ್ನೂ ಕಾಡಿತ್ತು. ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳನ್ನು ಸುಟ್ಟ ಬೂದಿಯನ್ನು ಅರಬರು ‘ಅಲ್ ಕಲೀ’ ಎಂದರು. ಸಾಬೂನಿಗೂ ಗಾಜಿಗೂ ಅದೇ ಆಧಾರ. ‘ಅಲ್ ಹಮ್ದು’ ಓದುವ ನಮ್ಮ ಮಕ್ಕಳಿಗೆ ಈ ‘ಅಲ್’ ಅಪರಿಚಿತವಲ್ಲ; ‘ಆಲ್ಕಲಿ’ ಎಂದು ವಿಜ್ಞಾನದ ಪುಸ್ತಕದಲ್ಲಿ ಓದುವಾಗ ಮಾತ್ರ ಗುರುತು ಸಿಗುವುದಿಲ್ಲ. ಅಬೂಬಕ್ರ್ ಅರ್ರಾಝೀ ತಮ್ಮ ‘ಕಿತಾಬುಲ್ ಅಸ್ರಾರ್’ ಗ್ರಂಥದಲ್ಲಿ ಖನಿಜಗಳನ್ನು ಆರು ವರ್ಗಗಳಾಗಿ ವಿಂಗಡಿಸಿ, ಲವಣಗಳಿಗೆ ಪ್ರತ್ಯೇಕ ಸ್ಥಾನವನ್ನಿತ್ತರು. ಕಲಾಯಿ ಹಾಕುವವರ ನವಸಾಗರವನ್ನು, ಅಂದರೆ ಉರ್ದುವಿನ ನೌಶಾದರನ್ನು, ಅವರು ಲವಣಗಳಲ್ಲಿ ಸೇರಿಸಲಿಲ್ಲ. ಕಾಯಿಸಿದರೆ ಹೊಗೆಯಾಗಿ ಮೇಲೇರುವುದರಿಂದ ಅದನ್ನು ‘ರೂಹ್’ಗಳ ಸಾಲಿನಲ್ಲಿ, ಪಾದರಸ ಹಾಗೂ ಗಂಧಕದ ಜೊತೆಗೆ ಇರಿಸಿದರು. ವಸ್ತುವಿನ ನಡವಳಿಕೆಯನ್ನು ಕಣ್ಣಾರೆ ಕಂಡು ಮಾಡಿದ ವಿಂಗಡಣೆಯದು. ಆ ವಸ್ತುವಿನೊಳಗೆ ಅಮೋನಿಯಮ್ ಮತ್ತು ಕ್ಲೋರೈಡ್ ಎಂಬ ಎರಡು ಭಾಗಗಳಿವೆ ಎಂದು ತಿಳಿಯುವ ಸಾಧನ ಆ ಕಾಲದಲ್ಲಿರಲಿಲ್ಲ.

ಒಳಗಿನ ಭಾಗಗಳಿಂದಲೇ ಹೆಸರಿಡುವ ಕ್ರಮವನ್ನು 1787ರಲ್ಲಿ ಫ್ರಾನ್ಸಿನ ಗೀಟನ್ ದ ಮೊರ್ವೊ, ಲವಾಸಿಯೆ, ಬೆರ್ತೊಲೆ ಮತ್ತು ಫೂರ್ಕ್ರೊವಾ ಕೂಡಿ ಪ್ರಕಟಿಸಿದರು. ‘ಅಯಾನ್’ ಎಂಬ ಪದವನ್ನು ಫ್ಯಾರಡೆ ಬಳಕೆಗೆ ತಂದದ್ದು 1834ರಲ್ಲಿ. ಇಂದಿನ ನಿಯಮ ಸರಳ: ಧನ ಅಯಾನಿನ ಹೆಸರು ಮೊದಲು, ಋಣ ಅಯಾನಿನದು ಬಳಿಕ. ಕ್ಲೋರಿನ್ ಋಣ ಅಯಾನಾದಾಗ ‘ಕ್ಲೋರೈಡ್’ ಆಗುತ್ತದೆ. ಗಂಧಕ ಆಮ್ಲಜನಕದೊಡನೆ ಸೇರಿ ಬಂದರೆ ‘ಸಲ್ಫೇಟ್’ ಅಥವಾ ‘ಸಲ್ಫೈಟ್’. ದ್ರಾಕ್ಷಿ ತೋಟಕ್ಕೆ ಸುಣ್ಣದೊಡನೆ ಸಿಂಪಡಿಸುವ ಮೈಲುತುತ್ತ ತಾಮ್ರದ ಸಲ್ಫೇಟ್. ಅನ್ನಭೇದಿ ಕಬ್ಬಿಣದ ಸಲ್ಫೇಟ್. ತಾಮ್ರ, ಕಬ್ಬಿಣಗಳಿಗೆ ಒಂದಕ್ಕಿಂತ ಹೆಚ್ಚು ವಿದ್ಯುದಂಶ ಸಾಧ್ಯವಿರುವುದರಿಂದ ಅವುಗಳ ಹೆಸರಿನ ಪಕ್ಕದಲ್ಲಿ ರೋಮನ್ ಅಂಕಿಯನ್ನು ಬರೆಯಬೇಕು. 1919ರಲ್ಲಿ ಆಲ್ಫ್ರೆಡ್ ಸ್ಟಾಕ್ ಸೂಚಿಸಿದ ಪದ್ಧತಿಯಿದು. ಸೋಡಿಯಮ್‌ಗೆ ಆ ಅಗತ್ಯವಿಲ್ಲ.

ಇನ್ನು ಕಲೀಯ ಕಥೆ. 1807ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಪೊಟ್ಯಾಶಿನಿಂದ ಒಂದು ಲೋಹವನ್ನು, ಸೋಡಾದಿಂದ ಮತ್ತೊಂದನ್ನು ಬೇರ್ಪಡಿಸಿದರು. ಮೊದಲನೆಯದಕ್ಕೆ ‘ಕಾಲಿಯಮ್’ ಎಂಬ ಹೆಸರೂ ಅದರಿಂದ ‘ಕೆ’ ಎಂಬ ಸಂಕೇತವೂ ಬಂದವು. ಇಲ್ಲೊಂದು ಸೋಜಿಗವಿದೆ. ಅರಬರ ಉಪ್ಪುಗಿಡದ ಬೂದಿಯಲ್ಲಿ ಮುಖ್ಯವಾಗಿದ್ದದ್ದು ಸೋಡಿಯಮ್ ಕಾರ್ಬೊನೇಟ್. ಆದರೆ ಕಲೀಯ ಹೆಸರು ಹೋಗಿ ಸೇರಿದ್ದು ಪೊಟ್ಯಾಸಿಯಮ್‌ಗೆ! ಸೋಡಿಯಮ್‌ಗೆ ‘ನತ್ರೂನ್’ನ ಬಳಗದಿಂದ ‘ನಾಟ್ರಿಯಮ್’ ದಕ್ಕಿತು. ರಸಾಯನಶಾಸ್ತ್ರವೆಲ್ಲವೂ ನಮ್ಮವರದೇ ಎಂದು ವೇದಿಕೆಗಳಲ್ಲಿ ಹೇಳುವವರೂ ಅರಬರು ಕೇವಲ ಗ್ರೀಕರ ಅನುವಾದಕರೆಂದು ಬರೆಯುವವರೂ ಈ ಒಂದು ಅಕ್ಷರದ ಪಯಣವನ್ನು ನಿಧಾನವಾಗಿ ಓದಿದರೆ ಒಳಿತು.

ಮರಳಿ ಹೊಲಕ್ಕೆ ಬರೋಣ. ಕೇವಲ ಕರಗುವ ಲವಣವಿದ್ದ ಭೂಮಿಗೆ ಬಸಿಗಾಲುವೆ ತೋಡಿ, ಒಳ್ಳೆಯ ನೀರು ಹಾಯಿಸಿ ತೊಳೆದರೆ ಸಾಕು. ಕ್ಷಾರ ಭೂಮಿಯಲ್ಲಿ ಸೋಡಿಯಮ್ ಅಯಾನು ಎರೆಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಬರಿಯ ನೀರಿಗೆ ಅದು ಬಿಡುವುದಿಲ್ಲ. ಅಲ್ಲಿಗೆ ಜಿಪ್ಸಮ್, ಅಂದರೆ ಕ್ಯಾಲ್ಸಿಯಮ್ ಸಲ್ಫೇಟ್ ಬೇಕು. ಕ್ಯಾಲ್ಸಿಯಮ್ ಮಣ್ಣಿನ ಕಣದ ಮೇಲೆ ಕುಳಿತು ಸೋಡಿಯಮ್ಮನ್ನು ಹೊರದೂಡುತ್ತದೆ. ಹೊರಬಿದ್ದ ಸೋಡಿಯಮ್ ಸಲ್ಫೇಟನ್ನು ಜೊತೆಗೂಡಿ ಬಸಿನೀರಿನೊಂದಿಗೆ ಹರಿದುಹೋಗುತ್ತದೆ. ಯಾವ ಹೊಲ ಯಾವುದೆಂಬುದನ್ನು ಮಣ್ಣುಪರೀಕ್ಷೆಯ ಚೀಟಿ ಹೇಳುತ್ತದೆ. ಬಹುಪಾಲು ಮನೆಗಳಲ್ಲಿ ಆ ಚೀಟಿಯನ್ನು ಓದಬಲ್ಲವರು ಹತ್ತನೆಯ ತರಗತಿಯ ಮಕ್ಕಳೇ.