ಬ್ರೂಕ್‌ಮ್ಯುಲೆನ್ ಪ್ರಕರಣ

ಬ್ರೂಕ್‌ಮ್ಯುಲೆನ್ ಪ್ರಕರಣವು (246/80) ವೈದ್ಯಕೀಯ ಪದವಿಗಳ ಮಾನ್ಯತೆಯ ಬಗ್ಗೆ ಯುರೋಪಿಯನ್ ಸಮುದಾಯಗಳ ನ್ಯಾಯಾಲಯವು 1981ರ ಅಕ್ಟೋಬರ್ 6ರಂದು ತೀರ್ಮಾನಿಸಿದ ಮೊಕದ್ದಮೆ.

ನೆದರ್ಲೆಂಡ್ಸ್‌ನ ಪ್ರಜೆಯಾದ ಬ್ರೂಕ್‌ಮ್ಯುಲೆನ್ ಬೆಲ್ಜಿಯಂನ ಲೂವೆನ್‌ನಲ್ಲಿ ವೈದ್ಯ ಪದವಿ ಪಡೆದಿದ್ದರು. ಸ್ವದೇಶದಲ್ಲಿ ವೃತ್ತಿ ನಡೆಸಲು ಸರ್ಕಾರದ ಅನುಮತಿಯೂ ದೊರೆತಿತ್ತು. ಆದರೆ ಒಂದು ವರ್ಷದ ಹೆಚ್ಚುವರಿ ತರಬೇತಿ ಪಡೆದಿಲ್ಲವೆಂದು ವೈದ್ಯರ ಸಂಘದ ನೋಂದಣಿ ಸಮಿತಿಯು ಅವರನ್ನು ಕುಟುಂಬ ವೈದ್ಯರಾಗಿ ದಾಖಲಿಸಲು ನಿರಾಕರಿಸಿತು. ಆರೋಗ್ಯ ವಿಮಾ ವ್ಯವಸ್ಥೆಯು ನೋಂದಾಯಿತರನ್ನಷ್ಟೇ ಒಪ್ಪುತ್ತಿದ್ದುದರಿಂದ ಸರ್ಕಾರದ ಅನುಮತಿ ಹೆಸರಿಗಷ್ಟೇ ಉಳಿಯಿತು. ಅವರು ಸಂಘದ ಮೇಲ್ಮನವಿ ಸಮಿತಿಯ ಮೊರೆಹೋದರು. ಅದು ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಿತು.

ಖಾಸಗಿ ಸಂಘವೊಂದರ ಸಮಿತಿಗೆ ಹಾಗೆ ಒಪ್ಪಿಸುವ ಅಧಿಕಾರವಿದೆಯೇ ಎಂಬುದು ಕಾನೂನು ವಿದ್ಯಾರ್ಥಿಗಳ ಗಮನ ಸೆಳೆದ ಭಾಗ. ಸಮಿತಿಯು ಸರ್ಕಾರದ ಸಮ್ಮತಿಯಿಂದ ನಡೆಯುತ್ತದೆ, ಉಭಯಪಕ್ಷಗಳ ವಾದ ಆಲಿಸುತ್ತದೆ, ಅದರ ನಿರ್ಣಯವು ವಾಸ್ತವದಲ್ಲಿ ಅಂತಿಮ. ಆದ್ದರಿಂದ ಅದೂ ನ್ಯಾಯಮಂಡಳಿಯೇ ಎಂದು ನ್ಯಾಯಾಲಯ ಹೇಳಿತು. 1975ರ ನಿರ್ದೇಶನದ ಪ್ರಕಾರ, ಬೆಲ್ಜಿಯಂನಲ್ಲಿ ಕುಟುಂಬ ವೈದ್ಯವೃತ್ತಿಗೆ ಅರ್ಹರಾದವರು ಆ ತರಬೇತಿಯಿಲ್ಲದೆಯೇ ಸ್ವದೇಶದಲ್ಲೂ ಅದನ್ನು ನಡೆಸಬಹುದೆಂದು ತೀರ್ಪಿತ್ತಿತು.