ಸದ್ದಿಗೆ ಎರಡು ದಾರಿ

ನಮ್ಮೂರು ಬುಕ್ಕಸಾಗರದಲ್ಲಿ ಆಗೆಲ್ಲ ಡೀಸೆಲ್ ಎಂಜಿನ್ ಸದ್ದು ಅಂದ್ರೆ ಒಂದು ಸುದ್ದಿ. ತುಂಗಭದ್ರೆಯ ದಂಡೆ ಕಡೆಯಿಂದ ಟುಕ್ ಟುಕ್ ಕೇಳಿಸಿದರೆ ಯಾರದೋ ಗದ್ದೆಗೆ ನೀರು ಹೊರಟಿದೆ ಅಂತ ಅರ್ಥ. ಸದ್ದು ನಿಂತರೆ ಅಜ್ಜ ಮಲಗಿದಲ್ಲಿಂದಲೇ "ಎಣ್ಣಿ ಮುಗೀತೇನೋ, ನೋಡ್ಹೋಗಲೇ" ಅಂತಿದ್ದ. ಅದೇ ಸದ್ದು ಬೆಂಗಳೂರಿನ 30×40 ಸೈಟಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಪಕ್ಕದ ಮನೆಯ ಜನರೇಟರಿನಿಂದ ಬಂದರೆ ನಮಗೆ ಬಿಪಿ ಏರುತ್ತೆ. ಹೊಲದ ಎಂಜಿನ್ ಮನೆಗೆ ಬಂದ ಕಥೆ ಗೊತ್ತಾದರೆ ಈ ಸದ್ದನ್ನು ಎಲ್ಲಿ ಹಿಡಿಯಬೇಕು ಅನ್ನೋದೂ ಗೊತ್ತಾಗುತ್ತೆ.

ಕರೆಂಟ್ ನಮಗೆ ದೂರದ್ದೇನೂ ಅಲ್ಲ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿದ್ದು 1953ರಲ್ಲಿ. 1957ರಿಂದ 1964ರ ಒಳಗೆ ಅಣೆಕಟ್ಟೆಯ ಬಲದಂಡೆಯಲ್ಲೊಂದು, ಹಂಪಿ ಹತ್ತಿರ ಇನ್ನೊಂದು ಪವರ್ ಹೌಸ್ ಸಿದ್ಧವಾದವು. ಎರಡೂ ಸೇರಿ 72 ಮೆಗಾವಾಟ್. ಆದರೆ ಈ ವಿದ್ಯುತ್ತಿನಲ್ಲಿ ಆಂಧ್ರದ ಪಾಲು ನೂರಕ್ಕೆ 80, ನಮ್ಮ ರಾಜ್ಯದ್ದು 20. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ಬೇಸಿಗೆಯ ರಾತ್ರಿಗಳಲ್ಲಿ ಪವರ್ ಹೌಸಿಗೆ ಸೈಕಲ್ ದೂರದಲ್ಲಿರೋ ನಾವು ಚಿಮಣಿ ಹಚ್ಚಿ ಕೂರುತ್ತಿದ್ದೆವು. ಅಂಥ ಹೊತ್ತಲ್ಲಿ ಕೈ ಹಿಡಿಯುತ್ತಿದ್ದದ್ದು ಡೀಸೆಲ್ ಎಂಜಿನ್.

ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಅದಕ್ಕೆ ಸ್ಪಾರ್ಕ್ ಪ್ಲಗ್ ಬೇಡ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತೆ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತೆ. ಹಾಗೆ ಹೊತ್ತಿದಾಗ ಒತ್ತಡ ಧಡಕ್ಕನೆ ಏರೋದರಿಂದ ಸುತ್ತಿಗೆಯಲ್ಲಿ ಹೊಡೆದಂಥ ಪೆಟ್ಟು ಬೀಳುತ್ತೆ. ಡೀಸೆಲ್ಲಿನ ಬಲವೂ ಅದೇ, ಗಲಾಟೆಯೂ ಅದೇ. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಹೆಸರುವಾಸಿ ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 650 ಸುತ್ತು ತಿರುಗುತ್ತಿತ್ತು. ಎರಡು ಸುತ್ತಿಗೆ ಒಂದು ಪೆಟ್ಟು, ಅಂದ್ರೆ ಸೆಕೆಂಡಿಗೆ ಐದು ಚಿಲ್ಲರೆ. ಹಳೇ ಎಂಜಿನ್ನುಗಳ ಟುಕ್ ಟುಕ್ ಬೇರೆಬೇರೆಯಾಗಿ ಎಣಿಸೋ ಹಾಗೆ ಕೇಳುತ್ತಿದ್ದದ್ದು ಅದಕ್ಕೇ. ನಮ್ಮ ಕಡೆ ಮಾತ್ರ ಎಂಜಿನ್ ಅಂದ್ರೆ ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮದಿಂದಲೇ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯ್ತು.

ಹೊಲದಲ್ಲಿ ಎಂಜಿನ್ ಕೂರಿಸೋ ಪದ್ಧತಿ ಸರಳ. ಕಲ್ಲಿಗೋ ಕಾಂಕ್ರೀಟಿಗೋ ಬೋಲ್ಟ್ ಹಾಕಿ ಬಿಗಿ, ಹೊಗೆ ಪೈಪನ್ನು ನೆಟ್ಟಗೆ ಮೇಲಕ್ಕೆ ಬಿಡು. ನಡುಕವನ್ನು ಭೂಮಿತಾಯಿ ನುಂಗುತ್ತಾಳೆ, ಸದ್ದನ್ನು ಬಯಲು ನುಂಗುತ್ತೆ. ಮನೆಗೆ ಜನರೇಟರ್ ಬಂದಾಗ ಅದರ ಜೊತೆ ಇದೇ ಪದ್ಧತಿಯೂ ಬಂತು. ನುಂಗೋದಕ್ಕೆ ಇಲ್ಲಿ ಬಯಲೂ ಇಲ್ಲ, ಭೂಮಿಯೂ ಇಲ್ಲ. ಇರೋದು ಗೋಡೆ, ಕಂಬ, ಸ್ಲ್ಯಾಬ್.

ಕಂಬ ಎಷ್ಟು ಚೆನ್ನಾಗಿ ನಡುಗುತ್ತೆ ಅನ್ನೋದಕ್ಕೆ ನಮ್ಮ ಕಡೆಗಿಂತ ಒಳ್ಳೇ ಸಾಕ್ಷಿ ಬೇಕಾ? ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಬೆರಳಲ್ಲಿ ತಟ್ಟಿದರೆ ಸಾಕು, ಕಲ್ಲು ನಾದ ಕೊಡುತ್ತೆ (ಈಗ ಮುಟ್ಟೋ ಹಾಗಿಲ್ಲ). ಕಲ್ಲಿಗೆ ಒಂದು ಬೆರಳೇ ಸಾಕಾದರೆ, ನಿಮ್ಮ ಮನೆಯ ಸ್ಲ್ಯಾಬಿಗೆ ಬಿಗಿದ ಜನರೇಟರ್ ಏನು ಮಾಡೀತು? ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸಾಮಾನ್ಯ ಡೀಸೆಲ್ ಸೆಟ್ ನಿಮಿಷಕ್ಕೆ 1500 ಸುತ್ತು ತಿರುಗಬೇಕು, ಅಂದ್ರೆ ಸೆಕೆಂಡಿಗೆ 25. ಒಂಟಿ ಸಿಲಿಂಡರ್ ಆದರೆ ಸೆಕೆಂಡಿಗೆ ಹನ್ನೆರಡೂವರೆ ಪೆಟ್ಟು. ಮನುಷ್ಯನ ಕಿವಿ ಕೇಳೋದು ಸುಮಾರು 20 ಹರ್ಟ್ಸ್‌ನಿಂದ ಮೇಲೆ. ಅದಕ್ಕಿಂತ ಕೆಳಗಿನದು ಕಿವಿಗೆ ಕೇಳದಿದ್ದರೂ ಪಾತ್ರೆಗೆ, ಕಿಟಕಿ ಗಾಜಿಗೆ ಕೇಳುತ್ತೆ.

ಅಂದ್ರೆ ಸದ್ದಿಗೆ ಎರಡು ದಾರಿ: ಗಾಳಿ ಒಂದು, ನೆಲ ಒಂದು. ಎರಡನ್ನೂ ಮುಚ್ಚೋ ವಿದ್ಯೆ ನೂರು ವರ್ಷದಷ್ಟು ಹಳೇದು. ಮೆಷಿನ್ ಗನ್ ಕಂಡುಹಿಡಿದ ಹಿರಾಮ್ ಮ್ಯಾಕ್ಸಿಮ್‌ನ ಮಗ ಹಿರಾಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಅದೇ ತತ್ವ ಎಂಜಿನ್ನಿನ ಹೊಗೆ ಪೈಪಿಗೂ ಬಂತು. ಅಪ್ಪ ಮಾಡಿದ ಗದ್ದಲಕ್ಕೆ ಮಗ ಮದ್ದು ಹುಡುಕಿದ ಅನ್ನಬಹುದು! 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಎಂಜಿನ್ನನ್ನು ರಬ್ಬರ್ ಮೌಂಟುಗಳ ಮೇಲೆ ತೇಲಿಸಿದಂತೆ ಕೂರಿಸಿ, ಅದನ್ನೇ ಜಾಹೀರಾತು ಮಾಡಿ ಕಾರು ಮಾರಿತು.

ನಮ್ಮಲ್ಲಿ ಗಾಳಿಯ ದಾರಿಗೆ ಕಾನೂನು ಬಂತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಜನರೇಟರಿಗೆ ಅಂತಲೇ 2002ರಲ್ಲಿ ಬೇರೆ ಅಧಿಸೂಚನೆ ಹೊರಟು, ಗಡುವು ಮುಂದೆ ಹೋಗಿ ಹೋಗಿ, ಕೊನೆಗೆ 2005ರ ಜನವರಿ 1ರಿಂದ ತಯಾರಾಗುವ ಸೆಟ್ಟುಗಳಿಗೆ ಗಟ್ಟಿಯಾಯ್ತು: ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ಸದ್ದಿನ ಹೊಣೆ ಕೊಂಡವನಿಂದ ಕಾರ್ಖಾನೆಗೆ ಹೋಯ್ತು. ಇದು ದೊಡ್ಡ ಹೆಜ್ಜೆಯೇ.

ಈಗ ಒಂದು ಸಣ್ಣ ಲೆಕ್ಕ. ಬಯಲಲ್ಲಿ ದೂರ ದುಪ್ಪಟ್ಟಾದಾಗ ಹೆಚ್ಚೆಂದರೆ 6 ಡೆಸಿಬೆಲ್ ಇಳಿಯುತ್ತೆ. 1 ಮೀಟರಿಗೆ 75 ಇದ್ದದ್ದು 2ಕ್ಕೆ 69, 4ಕ್ಕೆ 63, 8ಕ್ಕೆ 57, 16ಕ್ಕೆ 51. ರಾತ್ರಿಯ 45 ಮುಟ್ಟೋದಕ್ಕೆ 32 ಮೀಟರ್ ಬೇಕು. 30×40 ಸೈಟಿನ ಉದ್ದದ ಬದಿಯೇ 12 ಮೀಟರ್! ಕಾರ್ಖಾನೆಯಲ್ಲಿ ಪಾಸಾದ ಸೆಟ್ಟು ಪಕ್ಕದ ಮನೆಯ ಕಿಟಕಿಯಲ್ಲಿ ಫೇಲಾಗುತ್ತೆ.

ನೆಲದ ದಾರಿಗೆ ಆ ಅಧಿಸೂಚನೆಯಲ್ಲಿ ಅಂಕಿಯೇ ಇಲ್ಲ. ಅದು ಕೂರಿಸೋನ ಕೈಲಿರೋ ಕೆಲಸ. ಟೆರೇಸಿಗಿಂತ ನೆಲ ವಾಸಿ, ಮನೆಯ ಅಡಿಪಾಯಕ್ಕೆ ತಾಗದ ಬೇರೆ ಕಾಂಕ್ರೀಟ್ ಕಟ್ಟೆ ಇನ್ನೂ ವಾಸಿ. ಸೆಟ್ಟಿನ ತೂಕಕ್ಕೆ ಒಪ್ಪುವ ಮೌಂಟ್ ಬೇಕು, ಸಿಕ್ಕ ರಬ್ಬರ್ ತುಂಡು ನಡೆಯಲ್ಲ. ತೀರಾ ಗಟ್ಟಿಯಾದರೆ ನಡುಕ ಹಾಗೇ ಇಳಿಯುತ್ತೆ. ಮೌಂಟಿನ ಸ್ವಂತ ತೂಗಾಟ ಎಂಜಿನ್ನಿನ ಪೆಟ್ಟಿಗೆ ತಾಳ ಹಾಕಿದರಂತೂ, ಲಯಕ್ಕೆ ಸರಿಯಾಗಿ ತಳ್ಳಿದ ಜೋಕಾಲಿಯ ಹಾಗೆ ನಡುಕ ಜಾಸ್ತಿಯೇ ಆಗುತ್ತೆ. ಇಷ್ಟೆಲ್ಲ ಮಾಡಿ ಹೊಗೆ ಪೈಪನ್ನು ಗೋಡೆಗೆ ಬಿಗಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂಜಿನ್ನಿಗೂ ಪೈಪಿಗೂ ನಡುವೆ ಬಾಗುವ ಬೆಲ್ಲೋಸ್ ತುಂಡು ಇರಲೇಬೇಕು.

ಸದ್ದು ತಡೆಯೋಕೆ ಅಂತ ಸೆಟ್ಟನ್ನು ಕೋಣೆಯೊಳಗೆ ಕೂಡಿ ಬಾಗಿಲು ಹಾಕೋದು ಮಾತ್ರ ಬೇಡವೇ ಬೇಡ. ಎಂಜಿನ್ನಿಗೆ ಗಾಳಿ ಬೇಕು. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳದೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಗಾಗಿ ಹೊಗೆ ಪೈಪಿನ ಬಾಯಿ ಯಾರ ಕಿಟಕಿ ಕಡೆ ತಿರುಗಿದೆ ಅಂತಲೂ ನೋಡಬೇಕು.

ಹೊಸ ಸೆಟ್ಟು ಕೂರಿಸಿದವರು ಮೊಬೈಲಿನ ಡೆಸಿಬೆಲ್ ಆ್ಯಪ್ ಹಿಡಿದು ತಮ್ಮ ಹಾಲಿನಲ್ಲಿ ಅಳೆದು ಖುಷಿಪಡ್ತಾರೆ. ಸೆಟ್ಟು ಓಡುತ್ತಿರುವಾಗಲೇ ಒಂದು ಸಲ ಪಕ್ಕದ ಮನೆಯವರನ್ನು ಕೇಳಿ ಒಳಗೆ ಹೋಗಿ, ಅವರು ಮಲಗೋ ಕೋಣೆಯ ಗೋಡೆ ಮೇಲೆ ಅಂಗೈ ಇಡಿ. ಅಂಗೈ ಜುಮ್ ಅಂದರೆ ಕೆಲಸ ಇನ್ನೂ ಬಾಕಿ ಇದೆ ಅಂತ ಅರ್ಥ.